ನಕ್ಷೆಯಲ್ಲಿ ಡ್ರಮ್ಮಿಗೊಂದು ಜಾಗ

ಆ ಪತ್ರಿಕೆಯ ಹಳೆಯ ಪ್ರತಿಗಳು ಇವತ್ತಿಗೂ ನನ್ನ ಬಳಿ ಇವೆ. ನಾಲ್ಕೇ ಪುಟ, ಸೈಕ್ಲೋಸ್ಟೈಲ್ ಮಾಡಿದ್ದು, ಅಂಚುಗಳು ಹಳದಿಯಾಗಿವೆ. ಇದನ್ನು ಬರೆದವಳು ನಾನು ಎಂದು ಹೇಳುವಾಗ ಈಗಲೂ ದನಿ ಸ್ವಲ್ಪ ಏರುತ್ತದೆ. ಆದರೆ ಹೇಗೆ ಬರೆದೆ ಎಂಬ ವಿಚಾರದಲ್ಲಿ, ಇಷ್ಟು ವರ್ಷ ನೆಂಟರ ಮುಂದೆ ಹೇಳಿಕೊಂಡು ಬಂದ ಕಥೆ ಒಂದು. ನನ್ನದೇ ದಿನಚರಿಯಲ್ಲಿರುವುದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಮುಂಬಯಿಯ ಘಾಟ್ಕೋಪರಿಗೆ ಬಂದಿದ್ದೆ. ವಿಲೆ ಪಾರ್ಲೆಯ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ದಿನವಿಡೀ ಟೆಂಡರು, ಸಿಮೆಂಟು, ಕಬ್ಬಿಣದ ವಿವರ. ಒಂದು ದಿನ ಸಾಹೇಬರು ಕರೆದು, ನಾವು ಕಟ್ಟಿಸಿದ ಹೌಸಿಂಗ್ ಸೊಸೈಟಿಗಳ ಮನೆಮನೆಗೂ ತಿಂಗಳಿಗೊಂದು ಪುಟ್ಟ ಪತ್ರಿಕೆ ಕಳಿಸಬೇಕೆಂದಿದ್ದೇನೆ, ಜನ ನಮ್ಮನ್ನು ಮರೆಯಬಾರದು ಎಂದರು.

"ನೀವು ಎಂ.ಎ. ಅಲ್ಲವೇ? ವಿಷಯ ನೀವೇ ಹುಡುಕಿ, ನೀವೇ ಬರೆಯಿರಿ. ಮೂರು ಸಂಚಿಕೆ ನೋಡೋಣ. ಯಾರೂ ಒಂದು ಫೋನೂ ಮಾಡದಿದ್ದರೆ ನಿಲ್ಲಿಸೋಣ. ನೀವು ನಿಮ್ಮ ಟೆಂಡರಿಗೆ ವಾಪಸ್."

ಅಂದಿನ ದಿನಚರಿಯಲ್ಲಿ ಒಂದೇ ಸಾಲಿದೆ: "ಬರೆಯುವ ಕೆಲಸ! ಬಿಡಬಾರದು." ಓದಿದ್ದೆಲ್ಲ ಟೈಪ್‌ರೈಟರಿನ ಕೀಲಿಗಳ ಕೆಳಗೆ ಹೂತುಹೋಯಿತೆಂದು ಕೊರಗುತ್ತಿದ್ದ ಕಾಲ ಅದು. ಈ ಮೂರು ಸಂಚಿಕೆಗಳೇ ನನ್ನ ಬಾಗಿಲು ಎಂದುಕೊಂಡಿದ್ದೆ.

ವಿಷಯಗಳ ಪಟ್ಟಿಯೂ ಅಲ್ಲೇ ಇದೆ. ಕಮಾನಿನ ಇತಿಹಾಸ. ಕಂಬಗಳ ಸೌಂದರ್ಯ. ಪ್ರಾಚೀನ ನಗರಗಳ ಬೀದಿಗಳು. ಮನೆಯೊಳಗಿನ ಬೆಳಕು. ಲೈಬ್ರರಿಯಲ್ಲಿ ಕುಳಿತು ಟಿಪ್ಪಣಿ ಮಾಡಿ, ಕಷ್ಟಪಟ್ಟ ಇಂಗ್ಲಿಷಿನಲ್ಲಿ ಎರಡು ಸಂಚಿಕೆ ಬರೆದೆ. ಫೋನು ಬಂತು, ನಿಜ. ಪ್ರತಿ ಬಾರಿಯೂ ಬಾತ್‌ರೂಮ್ ಸೋರುತ್ತಿದೆ ಎಂದು ಹೇಳಲು.

ಆಫೀಸಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ, ನಕ್ಷೆ ಬರೆಯುವ, ಉಡುಪಿ ಕಡೆಯ ಹಿರಿಯ ಡ್ರಾಫ್ಟ್ಸ್‌ಮನ್. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು. ಟ್ರೇಸಿಂಗ್ ಕಾಗದದ ಮೇಲೆ ಶಾಯಿಯ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಅದನ್ನು ಹೆರೆದು ತೆಗೆಯುವ ಅವರ ಕೈ ನೋಡಲು ನನಗೆ ಇಷ್ಟ. ಕಾಗದ ತೂತಾಗುತ್ತಿರಲಿಲ್ಲ, ಗೆರೆ ಮಾತ್ರ ಹೋಗುತ್ತಿತ್ತು.

"ಎಂತ ಮಾರಾಯ್ರೆ, ಕಂಬದ ಬಗ್ಗೆ ಇಷ್ಟುದ್ದ?" ಎಂದರು ಎರಡನೆಯ ಸಂಚಿಕೆ ಓದಿ. "ನಿಮ್ಮ ಮೈಸೂರಿನವರಿಗೆ ಅರಮನೆ ಬಿಟ್ಟರೆ ಬೇರೆ ಕಟ್ಟಡವೇ ಕಾಣುವುದಿಲ್ಲವೋ ಏನೋ. ಶನಿವಾರ ಭಾಂಡುಪಿಗೆ ಅಳತೆಗೆ ಹೋಗ್ಲಿಕ್ಕುಂಟು. ನೀವೂ ಬನ್ನಿ. ಟೇಪಿನ ಒಂದು ತುದಿ ಹಿಡಿಯಲಾದರೂ ಆಗ್ತದೆ."

ಹೋದೆ. ನಾವೇ ಕಟ್ಟಿಸಿದ ಬಿಲ್ಡಿಂಗ್, ಮೂರನೆಯ ಮಹಡಿ. ಆ ಮನೆಯವರಿಗೆ ಬಾಲ್ಕನಿ ಮುಚ್ಚಿಸಬೇಕಿತ್ತು. ಮನೆಯಾಕೆ ಬಾಗಲಕೋಟೆ ಕಡೆಯವರು. ನಮ್ಮ ಮಾತು ಕೇಳಿ ಕನ್ನಡದವರೆಂದು ತಿಳಿದು ಸಂತೋಷಪಟ್ಟು ಅಡುಗೆಮನೆಗೇ ಕರೆದರು. ಅವರು ಚಹಾ ಸೋಸುತ್ತಿದ್ದಾಗ ಶೆಲ್ಫಿನ ಮೇಲೆ ಬೇಳೆ ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದ ಕಣ್ಣಿಗೆ ಬಿತ್ತು. ನನ್ನ ಕಮಾನಿನ ಇತಿಹಾಸ.

"ಅದನ್ನ ಕಳಸಾವ್ರು ನೀವೇ ಏನ್ರಿ?" ಎಂದರು ಆಕೆ. "ಭಾಳ ಛಲೋ ಕಾಗದ ಐತ್ರಿ ಅಕ್ಕಾರ. ಪೇಪರಿಗಿಂತ ದಪ್ಪ. ಡಬ್ಬಿ ಎಳದ್ರೂ ಹರಿಯೂದಿಲ್ಲ. ತಿಂಗಳಾ ತಿಂಗಳಾ ಕಳಸ್ರಿ."

ಅಣ್ಣ ಚಹಾ ಕುಡಿಯುತ್ತಲೇ ಕೆಮ್ಮಿ ನಗು ಮುಚ್ಚಿಕೊಂಡರು. ನಾನು ಬಾತ್‌ರೂಮಿಗೆ ಹೋಗುವ ನೆಪ ಮಾಡಿ ಎದ್ದೆ. ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮು, ನೀರು ತುಂಬಿದ್ದು. ಅಡ್ಡಡ್ಡ ನುಸುಳಿ ಹೊರಬಂದಾಗ ಮನೆಯಾಕೆ, ಪಕ್ಕದ ಮನೆಯಲ್ಲೂ ಹೀಗೇ, ಮೇಲಿನ ಮನೆಯಲ್ಲೂ ಹೀಗೇ ಎಂದರು. ಬೆಳಗ್ಗೆ ಒಂದು ತಾಸು ಬರುವ ನೀರನ್ನು ಮತ್ತೆಲ್ಲಿ ಹಿಡಿದಿಡುವುದು? ಆಮೇಲೆ, ಅಣ್ಣ ಅಳತೆಗೆಂದು ನೆಲದ ಮೇಲೆ ಹಾಸಿಟ್ಟಿದ್ದ ನಕ್ಷೆಯ ಮೇಲೆ ಆಕೆ ಬಗ್ಗಿದರು.

"ಇದೇನ್ರಿ, ಮಂಚ ಬರದೀರಿ. ಸೋಫಾ ಬರದೀರಿ. ಇಲ್ಲಿ ಹೂವಿನ ಕುಂಡಾನೂ ಬರದೀರಿ. ನಮ್ಮ ಡ್ರಮ್ ಎಲ್ಲೈತ್ರಿ?"

ಮೂರನೆಯ ಸಂಚಿಕೆ ಎರಡು ದಿನದಲ್ಲಿ ಮುಗಿಯಿತು. ಕಂಬವಿಲ್ಲ, ಕಮಾನಿಲ್ಲ. ನಿಮ್ಮ ಮನೆಯಲ್ಲಿ ನೀರಿನ ಡ್ರಮ್ ಎಲ್ಲಿದೆ, ಎಂದು ಶುರು. ಭಾಂಡುಪಿನ ಬಾಗಿಲಿನ ಕಥೆ. ನಡುವೆ ಒಂದು ಸಾಲು: ನಕ್ಷೆಯಲ್ಲಿ ಹೂಕುಂಡಕ್ಕೂ ಜಾಗ ಕೊಟ್ಟ ನಾವು ಡ್ರಮ್ಮನ್ನು ಮರೆತೆವು. ಕೊನೆಯಲ್ಲಿ, ನಾವು ಇನ್ನೇನೇನು ಮರೆತಿದ್ದೇವೆ, ಬರೆದು ತಿಳಿಸಿ.

ಸೈಕ್ಲೋಸ್ಟೈಲಿನ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ ಸಾಹೇಬರಿಗೆ ತೋರಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಓದಿ, "ಮರೆತೆವು" ಎಂಬಲ್ಲಿ ಉಗುರು ಇಟ್ಟರು.

"ಇದನ್ನು ತೆಗೆಯಿರಿ. ನಮ್ಮ ದುಡ್ಡಿನಲ್ಲಿ ನಮ್ಮ ತಪ್ಪನ್ನೇ ಸಾರುವುದೇ?"

"ಆ ಸಾಲು ಹೋದರೆ ಉಳಿಯುವುದು ಜಾಹೀರಾತು, ಸರ್."

"ನನಗೆ ಬೇಕಿರುವುದೂ ಜಾಹೀರಾತೇ."

ನಾನು ಹೇಳಿಕೊಂಡು ಬಂದ ಕಥೆಯಲ್ಲಿ ಇಲ್ಲಿಂದ ಮುಂದೆ ನನ್ನದೊಂದು ದೊಡ್ಡ ಭಾಷಣವಿದೆ. ತಪ್ಪು ಒಪ್ಪಿಕೊಳ್ಳುವ ಆಫೀಸನ್ನೇ ಜನ ನಂಬುತ್ತಾರೆ, ಇತ್ಯಾದಿ. ಸಾಹೇಬರು ತಲೆದೂಗುತ್ತಾರೆ. ವರ್ಷದಿಂದ ವರ್ಷಕ್ಕೆ ಆ ಭಾಷಣ ಬೆಳೆದಿದೆ ಕೂಡ. ದಿನಚರಿಯಲ್ಲಿ ಅದರ ಸುಳಿವೇ ಇಲ್ಲ. ಇರುವುದು ಇಷ್ಟು: "ಆ ಸಾಲು ಅಳಿಸಲು ತಿದ್ದುವ ದ್ರವದ ಸೀಸೆ ಹಿಡಿದು ಕೂತೆ. ಅಳು ಬಂತು. ಅಣ್ಣ ಸಾಹೇಬರ ಕೋಣೆಗೆ ಹೋಗಿ, ಆ ನಕ್ಷೆ ಬರೆದವನು ನಾನು, ಡ್ರಾಫ್ಟ್ಸ್‌ಮನ್ ಮರೆತ ಅಂತ ಬೇಕಾದರೆ ಹಾಕಿ, ಸಾಲು ಮಾತ್ರ ಇರಲಿ ಎಂದರು. ಸಾಹೇಬರು, 'ನಾವು' ಅಂತಲೇ ಇರಲಿ ಎಂದರು."

ಇದನ್ನು ಓದಿದಾಗ ನಾಚಿಕೆಯಾಯಿತು. ಇಷ್ಟು ದೊಡ್ಡದನ್ನು ಮರೆಯುವುದು ಹೇಗೆ? ಮರೆತೆನೋ, ಕಥೆಗೆ ಅಡ್ಡಬಂತೆಂದು ಅಣ್ಣನನ್ನು ಹೆರೆದು ತೆಗೆದೆನೋ, ಅವರು ಗೆರೆ ತೆಗೆಯುತ್ತಿದ್ದ ಹಾಗೆ? ಗೊತ್ತಿಲ್ಲ. ಆದರೆ ಸೀಸೆಯ ಮುಚ್ಚಳ ನಾನು ತೆರೆಯಲಿಲ್ಲ ಎಂಬುದಕ್ಕೆ ಸಾಕ್ಷಿ ಇದೆ. ಸಂಚಿಕೆ ಇಲ್ಲೇ ಇದೆ, ಸಾಲು ಅದರಲ್ಲಿದೆ.

ಎರಡು ವಾರದಲ್ಲಿ ಪತ್ರಗಳು ಬರತೊಡಗಿದವು. ಇನ್‌ಲ್ಯಾಂಡ್, ಪೋಸ್ಟ್‌ಕಾರ್ಡ್, ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್. ಹಪ್ಪಳ ಒಣಗಿಸಬೇಕು, ಟೆರೇಸಿನ ಬೀಗದ ಕೀ ಸೆಕ್ರೆಟರಿಯ ಸೊಂಟದಲ್ಲಿ, ಎಂದು ಒಬ್ಬರು. ಗಣಪತಿಯನ್ನು ಲಿಫ್ಟಿನಲ್ಲಿ ತಂದರೆ ಕಿರೀಟ ತಾಗುತ್ತದೆ ಎಂದು ಇನ್ನೊಬ್ಬರು. ಒಬ್ಬ ಹೆಂಗಸು ಬರೆದಿದ್ದರು: ನಮ್ಮ ಮಾವನವರು ತೀರಿಕೊಂಡಾಗ ಮೆಟ್ಟಿಲಿನ ತಿರುವಿನಲ್ಲಿ ಚಟ್ಟ ತಿರುಗದೆ ಅವರನ್ನು ನಿಲ್ಲಿಸಿಕೊಂಡು ಇಳಿಸಬೇಕಾಯಿತು, ಅವರು ಬದುಕಿದ್ದಾಗ ಎಂದೂ ಯಾರೆದುರೂ ಹಾಗೆ ನಿಂತವರಲ್ಲ. ಅದನ್ನು ಸಾಹೇಬರು ಎರಡು ಸಲ ಓದಿ, ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಪತ್ರಿಕೆ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ತೊಂಬತ್ತರ ದಶಕ ಶುರುವಾದ ಮೇಲೂ ನಾನು ಅದನ್ನು ಬರೆಯುತ್ತಿದ್ದೆ, ವಿಷಯಕ್ಕಾಗಿ ಒಮ್ಮೆಯೂ ಲೈಬ್ರರಿಗೆ ಹೋಗಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಬಿಲ್ಡಿಂಗಿನ ನಕ್ಷೆ ತಯಾರಾಗುತ್ತಿತ್ತು. ಅಣ್ಣ ನನ್ನನ್ನು ಬೋರ್ಡಿನ ಬಳಿ ಕರೆದರು. ಪ್ರತಿ ಮನೆಯ ಬಾತ್‌ರೂಮಿನ ಹೊರಗೆ ಗೋಡೆಯನ್ನು ಚೂರು ಹಿಂದಕ್ಕೆ ಸರಿಸಿ, ಅಲ್ಲೊಂದು ಪುಟ್ಟ ವೃತ್ತ ಎಳೆದಿದ್ದರು.

"ಇದೇನು ಹೇಳಿ?"

"ಡ್ರಮ್."

"ಬಾಗಿಲು ಪೂರ್ತಿ ತೆರೀತದೆ, ನೋಡಿ," ಎಂದು, ಬಾಗಿಲು ಎಷ್ಟು ತೆರೆಯುತ್ತದೆಂದು ತೋರಿಸುವ ಕಮಾನಿನಂಥ ಗೆರೆಯನ್ನು ಪೆನ್ಸಿಲ್ ತುದಿಯಲ್ಲಿ ತೋರಿಸಿದರು. "ನಿಮ್ಮ ಕಮಾನು ಇಲ್ಲಿ ಬಂತು ಮಾರಾಯ್ರೆ."

ಈ ಮಾತು ದಿನಚರಿಯಲ್ಲಿಲ್ಲ. ನೆನಪಿನಲ್ಲಿ ಮಾತ್ರ ಇದೆ. ಇದೊಂದನ್ನು ನಂಬುತ್ತೇನೆ.