ನೀರಿನಿಂದ ಎದ್ದ ಹಾಳೆ

ಹೆಂಡತಿಗೆ ಹೇಳಿಬಿಡುವುದೇ, ಬೇಡವೇ? ಕಿಟಕಿಗೆ ಹಿಡಿದ ಹಾಳೆಯಲ್ಲಿ ಬೆಳಗಿನ ಬೆಳಕು ಒಂದೆಡೆ ಢಾಳಾಗಿ, ಇನ್ನೊಂದೆಡೆ ಮಂಕಾಗಿ ಇಣುಕುತ್ತಿದೆ. ಒಂದು ಮೂಲೆ ತೀರಾ ತೆಳು, ನಡುವೆ ಅಲೆಯಂಥ ದಪ್ಪ ಗೆರೆ. ಇಂಥ ಹಾಳೆ ಮಡಿಸಿದರೆ ಗ್ರೀಟಿಂಗ್ ಕಾರ್ಡು ನೆಟ್ಟಗೆ ನಿಲ್ಲುವುದಿಲ್ಲ. ರದ್ದಿ ಮಾಮ ಅದನ್ನು ಸದ್ದಾಗದಂತೆ ಹರಿದು, ಬಕೆಟ್ಟಿನಲ್ಲಿ ನೆನೆಹಾಕಿದ ಹಳೆಯ ಕಾಗದಗಳ ಅಡಿಗೆ ತಳ್ಳುತ್ತಾರೆ. ಹೆಂಡತಿಯ ಹೆಜ್ಜೆ ಕೇಳಿದ್ದೇ ಕೈ ಒರೆಸಿಕೊಂಡು ಏನೂ ಆಗದವರಂತೆ ನಿಲ್ಲುತ್ತಾರೆ.

ಬೀದಿಯವರಿಗೆಲ್ಲ ಅವರು ರದ್ದಿ ಮಾಮ. ಕಚೇರಿಯಿಂದ ಕಚೇರಿಗೆ ಅಲೆದು ಒಂದು ಬದಿ ಅಚ್ಚಾದ ಕಾಗದ, ಹರಿದ ಲಕೋಟೆ, ಹಳೆಯ ಕ್ಯಾಲೆಂಡರುಗಳನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಮೊದಲು ಪ್ರೆಸ್ಸೊಂದರಲ್ಲಿ ಬೈಂಡರ್ ಆಗಿದ್ದರು. ಅದು ಬಾಗಿಲು ಹಾಕಿದಾಗ ಅವರಿಗೆ ಐವತ್ತರ ಆಸುಪಾಸು. ಬೇರೆ ಯಾರೂ ಕೆಲಸ ಕೊಡಲಿಲ್ಲ.

"ಸುಮ್ನೆ ಕೂತು ಗೋಡೆ ನೋಡ್ತಿದ್ದೆ. ಇವಳೇ ಒಂದಿನ ಕಾಗದ ನೆನೆಸಿ, ಮಿಕ್ಸಿಗೆ ಹಾಕಿ ರುಬ್ಬಿ, ಸೊಳ್ಳೆ ಪರದೆ ತುಂಡಲ್ಲಿ ಸೋಸಿ ಹಾಳೆ ಮಾಡಿ ತೋರಿಸಿದ್ಲು. ಗೋಣಿಚೀಲದ ಥರ ಇತ್ತು" ಎಂದು ಮಾಮ ನೋಡಲು ಬಂದವರಿಗೆ ಹೇಳುತ್ತಾರೆ.

"ನಿಮ್ಮ ಮೊದಲನೇದು ಒಣಗಕ್ಕೆ ಹಾಕಿದ ಗೋಡೆ ಬಿಟ್ಟು ಬರ್ಲೇ ಇಲ್ವಲ್ಲ, ಅದನ್ನೂ ಹೇಳಿ" ಎಂದು ಒಳಗಿನಿಂದಲೇ ಆಕೆ ತಿವಿಯುತ್ತಾರೆ.

ಅಂದಿನಿಂದ ಕೆಲಸ ತಾನಾಗಿ ಹಂಚಿಹೋಗಿದೆ. ಕಾಗದ ರುಬ್ಬಿ, ಆ ತಿರುಳನ್ನು ತೊಟ್ಟಿಯ ನೀರಿಗೆ ಕಲಸಿ, ಜಾಲರಿ ಬಿಗಿದ ಚೌಕಟ್ಟನ್ನು ಮುಳುಗಿಸಿ, ಒಂದೇ ಉಸಿರಿಗೆ ಮಟ್ಟಸವಾಗಿ ಎತ್ತುವುದು ಆಕೆಯ ಪಾಲು. ನೀರು ಸೋರಿ ಉಳಿಯುವುದೇ ಹಾಳೆ. ಕೈ ಕೊಂಚ ಅಲುಗಿದರೂ ತಿರುಳು ಒಂದೆಡೆ ಸರಿದುಬಿಡುತ್ತದೆ. ಒಣಗಿಸುವುದು, ಕತ್ತರಿಸುವುದು, ಮಡಿಸಿ ಮೇಲೆ ಒಣ ಎಲೆ, ಎಸಳು ಅಂಟಿಸುವುದು ಮಾಮನ ಪಾಲು. ದಿನಕ್ಕೆ ಮೂವತ್ತು ಹಾಳೆ ಎದ್ದರೆ ದಿನ ಗೆದ್ದಂತೆ.

ಈಚೆಗೆ ಅದರಲ್ಲಿ ಅರ್ಧಕ್ಕರ್ಧ ಬಕೆಟ್ಟಿಗೆ ಮರಳುತ್ತಿದೆ. ಆಕೆಯ ಬಲಗೈ ನಡುಗತೊಡಗಿ ಕೆಲವು ತಿಂಗಳಾದವು. ಕಾರ್ಡು ಕೊಳ್ಳುವ ಅಂಗಡಿಯಾಕೆ ಒಂದು ಕಟ್ಟನ್ನು ಹಿಂದಿರುಗಿಸಿ, "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ತೀನಿ ಮಾಮ, ಬೇಜಾರು ಮಾಡ್ಕೋಬೇಡಿ" ಎಂದಿದ್ದಾರೆ. ಚೌಕಟ್ಟನ್ನು ಮಾಮ ತಾವೇ ಹಿಡಿಯಬಹುದು. ಆದರೆ ಅದನ್ನು ಕಿತ್ತುಕೊಂಡರೆ ಗೋಡೆ ನೋಡುವ ಪಾಳಿ ಆಕೆಯದಾಗುತ್ತದೆ. ಅದು ಹೇಗಿರುತ್ತದೆಂದು ಅವರಿಗೆ ಗೊತ್ತು.

ಇಂದು ಆಕೆ ಬಕೆಟ್ಟಿನ ತಳಕ್ಕೆ ಕೈ ಹಾಕಿ ಹಿಸುಕಿ ನೋಡುತ್ತಾರೆ.

"ರೀ, ಕಚೇರಿ ಕಾಗದ ರಾತ್ರಿಯೆಲ್ಲ ನೆನೆದ್ರೂ ಜಪ್ಪಯ್ಯ ಅನ್ನಲ್ಲ. ಇದು ಮುಟ್ಟಿದ ಕೂಡ್ಲೇ ಕರಗ್ತಿದೆ."

"ಒಳ್ಳೇ ಕಾಗದ ಸಿಕ್ತು ಕಣೇ."

"ಒಳ್ಳೇದೇ ಇರ್ಬೇಕು. ನಾನೇ ಮಾಡಿದ್ದಲ್ವಾ?"

ಮಾಮ ಚೀಲದ ದಾರ ಬಿಚ್ಚುವುದರಲ್ಲಿ ಮುಳುಗುತ್ತಾರೆ. ಆ ಚೀಲಕ್ಕೆ ದಾರವೇ ಇಲ್ಲ.

"ಎಷ್ಟು ದಿನದಿಂದ ನನ್ನ ಹಾಳೇನ ನನ್ನ ಕೈಲೇ ರುಬ್ಬಿಸ್ತಿದೀರಿ? ಬನ್ನಿ ಈ ಕಡೆ. ಆ ತುದಿ ಹಿಡ್ಕೊಳ್ಳಿ. ನಾನು ಹೂಂ ಅಂದಾಗ ಎತ್ಬೇಕು, ಮೊದ್ಲೇ ಅಲ್ಲ."

ಮೊದಲ ಹಾಳೆ ಕೆಡುತ್ತದೆ. ತಪ್ಪು ಮಾಮನದೇ, ಅವಸರಪಟ್ಟಿದ್ದಾರೆ. "ಬೈಂಡರ್ ಸಾಹೇಬ್ರೇ, ಇದು ಪುಸ್ತಕ ಹೊಲಿಯೋದಲ್ಲ" ಎಂದು ಬೈಸಿಕೊಳ್ಳುತ್ತಾರೆ. ಎರಡನೆಯದೂ ಅಷ್ಟಕ್ಕಷ್ಟೆ. ಆಮೇಲೆ ಯಾವಾಗಲೋ ಇಬ್ಬರ ಉಸಿರು ಕೂಡುತ್ತದೆ. ತಿರುಳು ಮೂಲೆಯಿಂದ ಮೂಲೆಗೆ ಸಮನಾಗಿ ಕೂರುತ್ತದೆ. ಒಣಗಿದ ಆ ಹಾಳೆಗಳ ಕಾರ್ಡುಗಳ ಮೇಲೆ ಅಂಗಡಿಯಾಕೆ ಹೆಬ್ಬೆರಳು ಆಡಿಸಿ, ಮರುಮಾತಿಲ್ಲದೆ ಎತ್ತಿಟ್ಟುಕೊಳ್ಳುತ್ತಾರೆ.

"ಇದರಲ್ಲಿ ನಂದೇನೂ ಇಲ್ಲ. ಹಾಳೆ ಅವಳ್ದು. ನಾನು ಮಡಿಸ್ತೀನಿ, ಅಷ್ಟೇ" ಎನ್ನುತ್ತಾರೆ ಮಾಮ, ನೋಡಲು ಬಂದವರಿಗೆ.

ನಿನ್ನ ಕೈ ನಡುಗುತ್ತಿದೆ ಎಂದು ಅವರು ಆಕೆಗೆ ಒಮ್ಮೆಯೂ ಹೇಳಿಲ್ಲ.