ಜಟ್ಟೆಪ್ಪನ ಕಾಲು, ಸಾಹುಕಾರರ ಕಾರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರ ಶುರುವಾಗುವ ಮೊದಲೇ ಜಟ್ಟೆಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಕಾರು ಒರೆಸುತ್ತಾನೆ. 2009ರ ಫೆಬ್ರುವರಿಯ ಆ ಬೆಳಿಗ್ಗೆ ಬಾನೆಟ್ಟಿನ ಕೆಂಪು ಧೂಳು ತೆಗೆದು ಬಲಗಡೆಗೆ ಬಂದವನ ಕೈ ನಿಂತಿತು. ಅಲ್ಲಿ ಕನ್ನಡಿ ಇರಲಿಲ್ಲ. ಹಿಂದಿನ ದಿನ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಗೆ ಎಮ್ಮೆ ಅಡ್ಡ ಬಂದಾಗ ಅವನು ಜೋರಾಗಿ ಬ್ರೇಕ್ ಒತ್ತಿದ್ದ. ಕಾರು ಬಲಕ್ಕೆ ಎಳೆದುಕೊಂಡು ಹೋಗಿ ಡಿವೈಡರಿನ ಕಂಬಕ್ಕೆ ಉಜ್ಜಿತ್ತು. ಎಮ್ಮೆಗೆ ಏನೂ ಆಗಲಿಲ್ಲ.

ಪಕ್ಕದ ಸೀಟಿನಲ್ಲಿದ್ದ ಸಾಹುಕಾರ ಪ್ರಭುಲಿಂಗಪ್ಪನವರು ಅಲ್ಲಿಯೇ ತೀರ್ಪು ಕೊಟ್ಟಿದ್ದರು. "ಜೀಪ್ ತುಳದು ತುಳದು ನಿನ್ನ ಕಾಲು ಒರಟಾಗ್ಯಾವ. ಇದು ಸೂಕ್ಷ್ಮ ಗಾಡಿ. ಶನಿವಾರದಿಂದ ಶಶಿಕಾಂತ ಓಡಸ್ತಾನ. ನೀ ಗೋದಾಮಿನ್ಯಾಗ ಚೀಲ ಎಣಸು."

ಶಶಿಕಾಂತ ಅವರ ತಂಗಿಯ ಮಗ. ಕಾರನ್ನು ಹಿಂದಕ್ಕೆ ತೆಗೆಯಬೇಕಾದರೆ ಇಬ್ಬರನ್ನು ಕೆಳಗಿಳಿಸಿ ಕೂಗಿಸುವವನು. ಕರ್ಜಗಿಯ ಜಟ್ಟೆಪ್ಪನಾದರೋ ಮೀಸೆ ಬರುವ ಮೊದಲೇ ಜೀಪಿನ ಸ್ಟೇರಿಂಗ್ ಹಿಡಿದವನು. ಅವನಿಗೆ ಬೇರೆ ವಿದ್ಯೆ ಇರಲಿಲ್ಲ, ಬೇರೆ ವಿದ್ಯೆಯ ಮೇಲೆ ಗೌರವವೂ ಇರಲಿಲ್ಲ. ಚೀಲ ಎಣಿಸುವುದೆಂದರೆ ಅವನ ಲೆಕ್ಕದಲ್ಲಿ ಮೂಲೆ ಸೇರಿದಂತೆ.

ಕಾರು ಹೈಬ್ರಿಡ್. ಪೆಟ್ರೋಲ್ ಎಂಜಿನ್ನಿಗೆ ಜೊತೆಯಾಗಿ ಕರೆಂಟಿನ ಮೋಟಾರು. ಪ್ರಭುಲಿಂಗಪ್ಪನವರಿಗೆ ಗಾಳಿ ಕೆಡುವ ಚಿಂತೆ ಇತ್ತೆಂದು ಅವರ ಗೋದಾಮಿನ ನೆರೆಯಲ್ಲಿ ವರ್ಷವಿಡೀ ಸೀನುತ್ತಿದ್ದ ಯಾರೂ ಹೇಳುತ್ತಿರಲಿಲ್ಲ. ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬರ ಹತ್ತಿರ ಇಲ್ಲದ ಕಾರು ಬೇಕಿತ್ತು, ತಂದರು. ನಿಂತಾಗ ಎಂಜಿನ್ ತಾನೇ ಬಂದ್ ಆಗುವುದು ಅದರ ಹೆಚ್ಚುಗಾರಿಕೆ. ಮೊದಲ ವಾರ ರೈಲ್ವೆ ಗೇಟಿನಲ್ಲಿ ಹಾಗೆ ಬಂದ್ ಆದಾಗ ಜನ ಕನಿಕರಪಟ್ಟು ಹಿಂದಿನಿಂದ ನೂಕಲು ಬಂದಿದ್ದರು.

ದೋಷ ತನ್ನ ಕಾಲಿನದಲ್ಲ, ಕಾರಿನದೇ ಎಂದು ಜಟ್ಟೆಪ್ಪನಿಗೆ ಖಾತ್ರಿಯಿತ್ತು. ಆದರೆ ಸಾಹುಕಾರರ ಹೊಸ ಕಾರು ಕೆಟ್ಟಿದೆಯೆಂದು ಪೇಟೆಗೆ ತಿಳಿಯಬಾರದು. ಹುಬ್ಬಳ್ಳಿಯ ಷೋರೂಮಿಗೆ ಒಯ್ದರೆ ಯಾರಾದರೂ ನೋಡುತ್ತಾರೆ. ಕನ್ನಡಿಯ ನೆವ ಹೇಳಿ ಅವನು ಕಾರನ್ನು ರಾಣೇಬೆನ್ನೂರಿಗೆ, ಅಬ್ದುಲರಜಾಕನ ಗ್ಯಾರೇಜಿಗೆ ಹೊಡೆದ. ರಜಾಕ ತನ್ನನ್ನು ಬಿಟ್ಟರೆ ಈ ಸೀಮೆಯಲ್ಲಿ ಮೆಕ್ಯಾನಿಕ್ಕೇ ಇಲ್ಲವೆಂದು ಬೋರ್ಡು ಬರೆಸುವುದೊಂದನ್ನು ಬಾಕಿ ಉಳಿಸಿಕೊಂಡವನು. ಎಮ್ಮೆಯ ಕಥೆ, ಸಾಹುಕಾರರ ತೀರ್ಪು ಎಲ್ಲ ಕೇಳಿ ಅವನು ತಲೆ ಕೊಡವಿದ.

"ಇದು ಗಾಡಿ ಅಲ್ಲೋ, ಮೊಬೈಲಿಗೆ ಗಾಲಿ ಹಚ್ಯಾರ. ಬ್ಯಾಟರಿ ತಕರಾರು. ನಾ ಮುಟ್ಟಂಗಿಲ್ಲ."

"ಗಾಡಿ ಮುಟ್ಟಲಾರದ ರೋಗ ಹೇಳಾಂವ ನೀ ಒಬ್ಬನ ನೋಡು," ಎಂದ ಜಟ್ಟೆಪ್ಪ.

ಮಾತು ತಾಗಿತು. ರಜಾಕ ಕಾರನ್ನು ಓಣಿಯಲ್ಲಿ ಒಂದು ಸುತ್ತು ತಿರುಗಿಸಿ, ಮದುಮಗಳನ್ನು ಇಳಿಸುವಂತೆ ಮೆಲ್ಲಗೆ ನಿಲ್ಲಿಸಿದ. ಕಾರು ನೆಟ್ಟಗೆ ನಿಂತಿತು.

"ಗಾಡಿ ಬರೋಬರಿ ಐತಿ. ನಿಮ್ಮ ಸಾವಕಾರ ಅಂದದ್ದ ಖರೇ. ಕಾಲು ನಿನ್ನವು."

"ಎಮ್ಮಿ ಬಂದ್ರೂ ಹಿಂಗ ಒತ್ತತಿಯೇನು? ಸರಿ ಆಕಡೆ."

ಜಟ್ಟೆಪ್ಪ ಊರಾಚೆಯ ಖಾಲಿ ರಸ್ತೆಗೆ ಹೋಗಿ ವೇಗ ಹಿಡಿದು ಒಮ್ಮೆಲೇ ತುಳಿದ. ಕಾರು ಬಲಕ್ಕೆ ಜಗ್ಗಿತು, ರಜಾಕನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮತ್ತೊಮ್ಮೆ ತುಳಿದ. ಮತ್ತೆ ಬಲಕ್ಕೇ.

ಹಣೆ ಉಜ್ಜಿಕೊಂಡ ಮೇಲೆ ರಜಾಕನ ಬುದ್ಧಿ ಓಡಿತು. ಈ ಕಾರಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಮೋಟಾರು ಡೈನಮೊ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ, ಅದರ ಭಾರಕ್ಕೇ ವೇಗ ತಗ್ಗುತ್ತದೆ. ಗಾಲಿಯ ಬ್ರೇಕಿಗೆ ನಿಜವಾದ ಕೆಲಸ ಬರುವುದು ಜೋರಾಗಿ ತುಳಿದಾಗ. ಅಂದರೆ ದೋಷ ಬ್ಯಾಟರಿಯದಲ್ಲ, ಗಾಲಿಯದು. ಅವನು ಇಳಿದು ಬಾಟಲಿಯ ನೀರನ್ನು ಮುಂದಿನ ಬಲಗಾಲಿಯ ಬ್ರೇಕ್ ಡಿಸ್ಕಿಗೆ ಚಿಮುಕಿಸಿದ. ಚುರ್ರೆಂದಿತು. ಎಡಗಡೆಯದಕ್ಕೆ ಚಿಮುಕಿಸಿದ. ನೀರು ಹನಿಹನಿಯಾಗಿ ಜಾರಿ ಕೆಳಗೆ ಬಿತ್ತು. ಎಡಗಡೆಯ ಬ್ರೇಕು ಹಿಡಿಯುತ್ತಲೇ ಇರಲಿಲ್ಲ, ಬಲಗಡೆಯದು ಒಂದೇ ಹಿಡಿದು ಕಾರನ್ನು ತನ್ನ ಕಡೆಗೆ ಎಳೆಯುತ್ತಿತ್ತು.

ಗ್ಯಾರೇಜಿಗೆ ಬಂದು ಎಡಗಾಲಿ ಬಿಚ್ಚಿದರು. ಡಿಸ್ಕಿನ ಮೇಲೆ ಕಪ್ಪು ಜಿಡ್ಡು. ಬ್ರೇಕ್ ಆಯಿಲ್ ಎಲ್ಲೂ ಸೋರಿರಲಿಲ್ಲ. ರಜಾಕ ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಒಳ್ಳೆಣ್ಣಿ. ನಿಮ್ಮ ಸಾವಕಾರ ಇದರಾಗ ಮಿರ್ಚಿ ಕರೀತಾರೇನು?"

ಜಟ್ಟೆಪ್ಪ ನಗಲಿಲ್ಲ. ಪ್ರತಿ ಶನಿವಾರ ಕದರಮಂಡಲಗಿಯಲ್ಲಿ ಆಂಜನೇಯನ ದೀಪಕ್ಕೆ ಎಣ್ಣೆ ಹಾಕಿ ಬರುವ ಪ್ರಭುಲಿಂಗಪ್ಪನವರು ಬಾಟಲಿಯಲ್ಲಿ ಉಳಿದದ್ದನ್ನು ತಾವು ಹತ್ತುವ ಎಡಗಡೆಯ ಬಾಗಿಲಿನ ಮುಂದಿನ ಗಾಲಿಗೆ ಸುರಿಯುತ್ತಿದ್ದರು. ಹಳೆಯ ಅಂಬಾಸಿಡರಿಗೂ ಸುರಿದಿದ್ದರು. ಅದರ ಬ್ರೇಕು ಮುಚ್ಚಿದ ಡ್ರಮ್ಮಿನೊಳಗೆ ಇತ್ತು, ಎಣ್ಣೆ ಮುಟ್ಟಲಿಲ್ಲ. ಈ ಕಾರಿನ ಗಾಲಿಯ ತುಂಬ ಶೋಕಿಯ ಕಿಂಡಿಗಳು. ಸುರಿದದ್ದೆಲ್ಲ ನೇರ ಡಿಸ್ಕಿಗೆ.

"ಹೋಗಿ ಹೇಳು," ಎಂದ ರಜಾಕ. "ದೇವರ ಎಣ್ಣಿ ಬ್ರೇಕ್ ತಿಂತು ಅಂತ."

"ಹೇಳೇ ಹೇಳತೇನಿ. ಚೀಲ ಎಣಸೂದಕ್ಕಿಂತ ಅದ ಹಗರ."

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಕನ್ನಡಿಯ ಜೊತೆಗೆ ಹೊಸ ಬ್ರೇಕ್ ಪ್ಯಾಡ್ ತರಿಸಿ ಹಾಕಿದ್ದಾಯಿತು. ಶುಕ್ರವಾರ ಮಧ್ಯಾಹ್ನ ಜಟ್ಟೆಪ್ಪ ಸಾಹುಕಾರರನ್ನು ಕೂರಿಸಿಕೊಂಡು ಪೇಟೆಯ ಹಿಂದಿನ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿದ. ಅವರ ಟೋಪಿ ಹಾರಿತು, ಕಾರು ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಆಮೇಲೆ ಅವನು ಹಳೆಯ ಪ್ಯಾಡನ್ನು ಅವರ ಮೂಗಿನ ಹತ್ತಿರ ಹಿಡಿದ.

ಪ್ರಭುಲಿಂಗಪ್ಪನವರು ಮೂಸಿದರು. ಎಣ್ಣೆ ತಮ್ಮದೇ ಎಂದು ಗೊತ್ತಾಯಿತು.

"ದೇವರ ಎಣ್ಣಿಂದ ಕೆಡಕ ಆಗಂಗಿಲ್ಲ," ಎಂದರು. "ಆ ಎಣ್ಣಿ ಇತ್ತಂತ ಕನ್ನಡಿಗೆ ಹೋತು. ಇಲ್ಲಾಂದ್ರ ತಲಿಗೆ ಬರತಿತ್ತು."

"ಹಂಗಾರ ಹಾಕ್ರಿ ಸಾವ್ಕಾರ್ರ. ನಾಳೆ ಶಶಿಕಾಂತನ್ನ ಕುಂದ್ರಸ್ರಿ, ಎಣ್ಣಿನೂ ಸುರೀರಿ, ನೀವೂ ಅವನ ಬಾಜೂಕ ಕುಂದರ್ರಿ. ನಾ ಚೀಲ ಎಣಸಕೋಂತ ಇರತೇನಿ."

ಸಾಹುಕಾರರು ಟೋಪಿಯ ಧೂಳು ಝಾಡಿಸಿ ತಲೆಗೆ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಶಶಿಕಾಂತ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅವನನ್ನು ಗೋದಾಮಿಗೆ ಕಳಿಸಲಾಯಿತು, ಕಾರಣ ಹೇಳಲಿಲ್ಲ. ಕದರಮಂಡಲಗಿಯಲ್ಲಿ ಪ್ರಭುಲಿಂಗಪ್ಪನವರು ಎಂದಿನಂತೆ ಬಾಟಲಿ ಹಿಡಿದು ಗುಡಿಯಿಂದ ಬಂದು ಎಡಗಾಲಿಯ ಮುಂದೆ ನಿಂತರು. ಸುತ್ತಲಿನವರಿಗೆ ಕೇಳುವಂತೆ ದನಿ ಏರಿಸಿದರು.

"ಜಟ್ಟೆಪ್ಪ, ಡಿಕ್ಕಿ ತಗಿ. ಸ್ಟೆಪ್ನಿ ಗಾಲಿಗೆ ಒಮ್ಮೆನೂ ಎಣ್ಣಿ ಮುಟ್ಟಿಸಿಲ್ಲ ನಾವು. ಅದಕ್ಕ ಹಿಂಗಾತು."

ಜಟ್ಟೆಪ್ಪ ಡಿಕ್ಕಿ ತೆಗೆದ. ಸ್ಟೆಪ್ನಿಯ ಮೇಲೆ ಬಾಟಲಿ ಖಾಲಿಯಾದ ಬಳಿಕ ಡಿಕ್ಕಿ ಮುಚ್ಚಿ, ಕಾರನ್ನು ಬ್ಯಾಡಗಿಯ ಕಡೆಗೆ ತಿರುಗಿಸಿದ.