ಅಂಗೈ ನೋಡಿ ಸೈಕಲ್ಲಿಗೆ ಹಿಡಿ ಹಾಕುವ ಕರುಣಾಕರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮ್ಯಾನ್‌ಹಟನ್‌ನ ಪೂರ್ವ ಭಾಗದ ಒಂದು ಬೀದಿಯಲ್ಲಿ ರಸ್ತೆಯಂಚಿನ ನೀರು ಹೆಪ್ಪುಗಟ್ಟಿದೆ. ಆಫೀಸುಗಳಿಗೆ ಕಾಫಿ ತಿಂಡಿ ತಲುಪಿಸುವ ಮೆಕ್ಸಿಕೋದ ಸವಾರನೊಬ್ಬ ಸೈಕಲ್ ಹೆಗಲ ಮೇಲೆ ಹೊತ್ತು ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾನೆ. ಕೆಳಗೆ ರಿಪೇರಿ ಅಂಗಡಿಯಲ್ಲಿ ಕರುಣಾಕರ ದೇವಾಡಿಗ ಆಗಲೇ ದೀಪ ಹಾಕಿ ಕೂತಿದ್ದಾರೆ. ಸವಾರ ಸೈಕಲ್ ಮುಂದೆ ತಳ್ಳಿದರೂ ಅವರು ಅದರತ್ತ ನೋಡುವುದಿಲ್ಲ.

"ಗ್ಲೌಸ್ ತೆಗಿ. ಮೊದಲು ಕೈ ತೋರಿಸು" ಎಂದು ಹೋಟೆಲ್ ಅಡುಗೆಮನೆಗಳಲ್ಲಿ ಕಲಿತ ಹರುಕುಮುರುಕು ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ.

ಕಿರುಬೆರಳಿನ ಕೆಳಗೆ, ಅಂಗೈಯ ಬುಡದಲ್ಲಿ, ಕೆಂಪಗೆ ಗಟ್ಟಿಯಾದ ಒಂದು ಗುರುತಿದೆ. ಕರುಣಾಕರ ಅಲ್ಲಿ ತಮ್ಮ ಎಡ ಹೆಬ್ಬೆರಳನ್ನು ಒತ್ತಿ ಸವಾರನ ಮುಖ ನೋಡುತ್ತಾರೆ. ಅವನು ಮುಖ ಕಿವುಚಿದರೆ ಇವರಿಗೆ ಸಮಾಧಾನ, ನರಕ್ಕೆ ಇನ್ನೂ ಜೀವವಿದೆ. ಏನೂ ಆಗದವನಂತೆ ನಿಂತರೆ ಹೆದರಿಕೆ. ಈ ದಿನ ಸವಾರ ಮುಖ ಕಿವುಚುತ್ತಾನೆ. ಕರುಣಾಕರ ಎದ್ದು ಗೋಡೆಗೆ ತೂಗುಹಾಕಿದ ರಬ್ಬರ್ ಗ್ರಿಪ್‌ಗಳ ಸಾಲಿಗೆ ಹೋಗುತ್ತಾರೆ.

ಹ್ಯಾಂಡಲ್ಲಿಗೆ ತೊಡಿಸುವ ಈ ಹಿಡಿಗಳನ್ನು ಕೈಗೆ ತಕ್ಕಂತೆ ಆರಿಸಿ ಕೂರಿಸುವುದೇ ಅವರ ಕೆಲಸ. ನೋಡಿದವರಿಗೆ ಇದೂ ಒಂದು ಕೆಲಸವೇ ಅನ್ನಿಸಬಹುದು. ಆದರೆ ದಿನವಿಡೀ ಸೈಕಲ್ ಮೇಲಿರುವವನ ಅರ್ಧ ಭಾರ ಕೂರುವುದು ಅಂಗೈ ಮೇಲೆ.

"ಎಲ್ರಿಗೂ ಮೆತ್ತಗಿನದ್ದೇ ಬೇಕು. ಒತ್ತಿ ನೋಡ್ತಾರೆ, ಹತ್ತಿಯ ಹಾಗೆ ಉಂಟು, ಕೊಡಿ ಅಂತಾರೆ. ಅದು ಅಂಗಡಿಯಲ್ಲಿ ಮಾತ್ರ ಚಂದ" ಎನ್ನುತ್ತಾರೆ ಕರುಣಾಕರ. "ರೋಡಿಗೆ ಹೋದ ಮೇಲೆ ಕೈ ಅದರೊಳಗೆ ಹೂತು ಹೋಗ್ತದೆ. ಜಾರ್ತದೆ ಅಂತ ಇನ್ನೂ ಗಟ್ಟಿ ಹಿಡೀತಾರೆ. ಗಟ್ಟಿ ಹಿಡಿದಷ್ಟೂ ಬೆರಳು ಸಾಯ್ತದೆ."

ಸಣ್ಣ ಕೈಗೆ ತೆಳು ಹಿಡಿ, ದೊಡ್ಡ ಕೈಗೆ ದಪ್ಪದ್ದು. ಅಂಗೈಯ ಬುಡ ನೋಯುವವರಿಗೆ ಹೊರಬದಿ ರೆಕ್ಕೆಯಂತೆ ಚಪ್ಪಟೆಯಾಗಿ ಅಗಲಿಸಿದ್ದು. ಅದರ ಮೇಲೆ ಭಾರ ಹರಡುತ್ತದೆ. ಆ ರೆಕ್ಕೆಯನ್ನು ಎಷ್ಟು ತಿರುಗಿಸಿ ಕೂರಿಸಬೇಕೆಂಬುದು ಮಣಿಕಟ್ಟು ನೋಡಿಯೇ ಗೊತ್ತಾಗಬೇಕು. ಹ್ಯಾಂಡಲ್ಲಿನ ತುದಿಗಳಿಗೆ ಪುಟ್ಟ ಕೊಂಬಿನಂತೆ ಸಿಗಿಸುವ ಬಾರ್ ಎಂಡ್ ಎಂಬುದೂ ಇದೆ. ಕೈ ಜೋಮು ಹಿಡಿದಾಗ ಅದನ್ನು ಹಿಡಿದರೆ ಮಣಿಕಟ್ಟು ಹೊರಳಿ ನರಕ್ಕೆ ಸ್ವಲ್ಪ ಬಿಡುವು. ಉದ್ದದ ಕೊಂಬನ್ನು ಮಾತ್ರ ಅವರು ಯಾರಿಗೂ ಹಾಕಿಕೊಡುವುದಿಲ್ಲ. ಊಟದ ಚೀಲದ ಹಿಡಿಕೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಕಾರಿನ ಕನ್ನಡಿಗೆ ತಗಲುತ್ತದೆ. ಕೊಂಬು ಹಿಡಿದ ಕೈ ಬ್ರೇಕಿನಿಂದ ದೂರ ಇರುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿಯೊಬ್ಬರಿಗೂ ಹೇಳುತ್ತಾರೆ. "ಸಿಗ್ನಲ್ ಇಲ್ಲದ ನೇರ ರಸ್ತೆ ಉಂಟಲ್ಲ, ಅಲ್ಲಿ ಮಾತ್ರ."

ಉದ್ಯಾವರದವರಾದ ಕರುಣಾಕರ ತೊಂಬತ್ತರ ದಶಕದ ಕೊನೆಯಲ್ಲಿ ಸಂಬಂಧಿಕರ ಹೋಟೆಲಿಗೆ ಅಡುಗೆಯವರಾಗಿ ಇಲ್ಲಿಗೆ ಬಂದವರು. ಆಮೇಲೆ ಬ್ಯಾಂಕುಗಳ ಬೀದಿಯಲ್ಲಿ ಒಂದು ಸಣ್ಣ ಊಟದ ಕೌಂಟರ್ ಹಾಕಿದರು. ನೀರುದೋಸೆಗೆ ಸೂಟು ತೊಟ್ಟವರೂ ಸಾಲು ನಿಲ್ಲುತ್ತಿದ್ದರು. 2008ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಕುಸಿದಾಗ ಅದೇ ಜನ ರಟ್ಟಿನ ಪೆಟ್ಟಿಗೆಗಳಲ್ಲಿ ತಮ್ಮ ಸಾಮಾನು ಹೊತ್ತು ಕೌಂಟರಿನ ಮುಂದೆ ನಡೆದುಹೋದರು. ಕೆಲವರು ಕೈ ಬೀಸಿದರು. ಚಳಿ ಶುರುವಾಗುವ ಹೊತ್ತಿಗೆ ಕೌಂಟರ್ ಮುಚ್ಚಿತು. ಐವತ್ತು ದಾಟಿದ ಅಡುಗೆಯವರನ್ನು ಕೇಳುವವರಿರಲಿಲ್ಲ. ಸಿಕ್ಕಿದ್ದು ಬೇರೆಯವರ ಊಟವನ್ನು ಸೈಕಲ್ ಮೇಲೆ ಮನೆಮನೆಗೆ ಮುಟ್ಟಿಸುವ ಕೆಲಸ.

ಇದೇ ನೆಲಮಾಳಿಗೆಯಲ್ಲಿ ಹಳೆಯ ಸೈಕಲ್ ಕೊಂಡರು. ಹ್ಯಾಂಡಲ್ಲಿನ ರಬ್ಬರ್ ಹರಿದಿತ್ತು, ಮೇಲೆ ಟೇಪ್ ಸುತ್ತಿದರು. ಬೇಸಿಗೆಯಲ್ಲಿ ಬಲಗೈಯ ಕಿರುಬೆರಳು, ಉಂಗುರಬೆರಳು ಜುಮ್ಮೆನ್ನತೊಡಗಿದವು. ವಯಸ್ಸಾಯಿತು ಎಂದುಕೊಂಡರು. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ, ಹೆಂಡತಿ ಸುಗಂಧಿಗೂ.

ಮರುವರ್ಷದ ಅಕ್ಟೋಬರ್, ಮಳೆ. ಮುಂದೆ ನಿಂತಿದ್ದ ಟ್ಯಾಕ್ಸಿಯ ಬಾಗಿಲು ತೆರೆಯಿತು. "ಬ್ರೇಕ್ ಹಿಡಿದೆ ಅಂತ ನಾನು ತಿಳ್ಕೊಂಡದ್ದು. ಕೈ ಹಿಡಿಯಲೇ ಇಲ್ಲ" ಎನ್ನುತ್ತಾರೆ. ಬಿದ್ದ ರಭಸಕ್ಕೆ ಮೊಣಕೈ ಒಡೆಯಿತು, ಮೊದಲೇ ಸೋತಿದ್ದ ನರ ಪೂರ್ತಿ ಕೈಕೊಟ್ಟಿತು. ಆ ಎರಡು ಬೆರಳು ಇಂದಿಗೂ ಒಳಕ್ಕೆ ಮಡಚಿಕೊಂಡೇ ಇವೆ. ಜರ್ಸಿ ಸಿಟಿಯ ಮನೆಯಲ್ಲಿ ಸುಗಂಧಿ ಚಹಾದ ಲೋಟವನ್ನು ಈಗ ಅವರ ಎಡಗೈಗೇ ಕೊಡುತ್ತಾರೆ. "ಒಮ್ಮೆ ಬಿಸಿ ಕಾವಲಿಗೆ ಬಲಗೈ ತಾಗಿಸಿಕೊಂಡು ನಿಂತಿದ್ರು. ಸುಟ್ಟ ವಾಸನೆ ಬಂದ ಮೇಲೆ ನಾನು ಓಡಿ ಬಂದು ಎಳೆದದ್ದು" ಎಂದು ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಕಲಿಸಿದ ಥೆರಪಿಸ್ಟ್, ನರ ಎಲ್ಲಿ ಹಾದುಹೋಗುತ್ತದೆ, ಎಲ್ಲಿ ಒತ್ತಿದರೆ ಕೆಡುತ್ತದೆ ಎಂದು ಚಿತ್ರ ಬರೆದು ತೋರಿಸಿದ್ದರು. ಮೊದಲೇ ಯಾಕೆ ಬರಲಿಲ್ಲ ಎಂದೂ ಕೇಳಿದ್ದರು. ಆ ಪ್ರಶ್ನೆ ಕರುಣಾಕರರ ಮನಸ್ಸಿನಲ್ಲಿ ಉಳಿಯಿತು. ಸೈಕಲ್ ಮಾರಲೆಂದು ಅಂಗಡಿಗೆ ಬಂದ ದಿನ, ಸವಾರನೊಬ್ಬ ಅತಿ ಮೆತ್ತಗಿನ ಗ್ರಿಪ್ ಆರಿಸುವುದನ್ನು ಕಂಡು ತಡೆದರು. ಅವನ ಕೈ ಹಿಡಿದು ನೋಡಿ ಬೇರೆಯದನ್ನು ಕೊಡಿಸಿದರು. ಅಂಗಡಿಯ ಮಾಲೀಕ ಹೆಕ್ಟರ್ ದೂರದಿಂದ ನೋಡುತ್ತಿದ್ದವರು, ನಾಳೆಯೂ ಬಾ ಎಂದರು.

ಕಳೆದ ಏಪ್ರಿಲಿನಲ್ಲಿ ಅಡಿವೆಪ್ಪ ಬಂದ. ಇಳಕಲ್ ಕಡೆಯವನು, ಮೂವತ್ತರ ಆಸುಪಾಸು, ಹತ್ತಿರದ ಇಂಡಿಯನ್ ರೆಸ್ಟೋರೆಂಟಿನ ಊಟ ಹಂಚುತ್ತಿದ್ದ. ಕರುಣಾಕರ ಅಂಗೈ ಒತ್ತಿದರು. ಅಡಿವೆಪ್ಪನ ಮುಖ ಅಲುಗಲಿಲ್ಲ. ಕೈ ತಿರುಗಿಸಿದರೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಇಂಗಿ ಗುಳಿ ಬಿದ್ದಿತ್ತು.

"ಹಿಡಿಯಿಂದ ಗುಣ ಆಗುದಲ್ಲ ಮಾರಾಯ. ನೀನು ಸೈಕಲ್ ಬಿಡ್ಬೇಕು, ಡಾಕ್ಟರ್ ಹತ್ರ ಹೋಗ್ಬೇಕು."

"ಬಿಟ್ರ ಏನ್ ತಿನ್ಲಿ ಅಣ್ಣಾರ? ಛಲೋ ಹಿಡಿ ಒಂದು ಹಾಕಿಕೊಡ್ರಿ, ಸಾಕು."

ಅಂಗಡಿಯಲ್ಲಿದ್ದ ಅತ್ಯುತ್ತಮ ಜೋಡಿಯನ್ನೇ ಕರುಣಾಕರ ಹಾಕಿಕೊಟ್ಟರು. ತಿರುಗದಂತೆ ಸ್ಕ್ರೂ ಬಿಗಿಯುವ ರೆಕ್ಕೆಯ ಗ್ರಿಪ್, ಗಿಡ್ಡ ಕೊಂಬು. ಬ್ರೇಕಿನ ಹಿಡಿಯನ್ನು ಬೆರಳಿಗೆ ಎಟುಕುವಂತೆ ಒಳಕ್ಕೆ ತಂದರು. ಆದರೂ ಮನಸ್ಸು ಒಪ್ಪಲಿಲ್ಲ. ಆ ಕೈ ಇನ್ನೊಂದು ಮಳೆಯ ದಿನ ಬ್ರೇಕ್ ಹಿಡಿಯಲಾರದು ಎಂದು ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಅಂಗಡಿ ಬಿಟ್ಟು ನೇರ ಆ ರೆಸ್ಟೋರೆಂಟಿಗೆ ನಡೆದರು. ಅಡಿವೆಪ್ಪನಿಗೆ ಕೈ ಸರಿಯಿಲ್ಲ, ಕೆಲವು ತಿಂಗಳು ಒಳಗೇ ಏನಾದರೂ ಕೆಲಸ ಕೊಡಿ ಎಂದು ಮ್ಯಾನೇಜರನ್ನು ಕೇಳಿಕೊಂಡರು. ಮ್ಯಾನೇಜರ್ ಕೂರಿಸಿ ಚಹಾ ಕೊಟ್ಟ. ನೋಡೋಣ ಎಂದ. ಕರುಣಾಕರ ಹಗುರಾಗಿ ಹಿಂತಿರುಗಿದರು.

ಮರುದಿನ ಅಡಿವೆಪ್ಪನಿಗೆ ಕೆಲಸ ಇರಲಿಲ್ಲ. ಕೈ ಕೆಟ್ಟವನನ್ನು ಇಟ್ಟುಕೊಂಡು ನಾಳೆ ರಸ್ತೆಯಲ್ಲಿ ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಬಾಗಿಲಲ್ಲೇ ಕಳಿಸಿಬಿಟ್ಟಿದ್ದರು.

ಅವನು ನೆಲಮಾಳಿಗೆಗೆ ಇಳಿದು ಬಂದ. ಕೂಗಾಡಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು, ಶಕ್ತಿಯಿಲ್ಲದ ಬೆರಳುಗಳಲ್ಲಿ ತಡವರಿಸುತ್ತ, ಹಿಂದಿನ ದಿನ ಹಾಕಿದ ಗ್ರಿಪ್‌ಗಳನ್ನು ಒಂದೊಂದಾಗಿ ಬಿಚ್ಚಿದ. ಕರುಣಾಕರ ಸಹಾಯಕ್ಕೆ ಕೈ ಚಾಚಿದರೆ ದೂರ ಸರಿಸಿದ.

"ಈ ಕೈ ನಂದು ಅಣ್ಣಾರ. ಅಲ್ಲಿಗೆ ಹೋಗಿ ಹೇಳ್ರಿ ಅಂತ ನಿಮಗ ನಾ ಹೇಳಿದ್ನೇನು?"

ಗ್ರಿಪ್‌ಗಳನ್ನು ಮೇಜಿನ ಮೇಲಿಟ್ಟು, ಬರೀ ಕಬ್ಬಿಣದ ಹ್ಯಾಂಡಲ್ ಹಿಡಿದು ಸೈಕಲ್ ಎತ್ತಿಕೊಂಡು ಹೋದ. ಅದಾದ ಮೇಲೆ ಈ ಕಡೆ ಬಂದಿಲ್ಲ. ಕ್ವೀನ್ಸ್‌ನ ಒಂದು ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತಾನೆಂದು ಯಾರೋ ಹೇಳಿದರು.

"ನೀವು ಒಳ್ಳೇದಕ್ಕೇ ಅಲ್ಲಿಗೆ ಹೋದದ್ದು ಅಂತ ನಾನು ಎಷ್ಟು ಹೇಳಿದ್ರೂ ಇವ್ರು ಕೇಳುದಿಲ್ಲ" ಎನ್ನುತ್ತಾರೆ ಸುಗಂಧಿ. "ಊಟದ ಮಧ್ಯೆ ಸುಮ್ಮನೆ ಕೂತ್ರೆ ನನಗೆ ಗೊತ್ತಾಗ್ತದೆ, ಆ ಹುಡುಗನ ನೆನಪಾಯ್ತು ಅಂತ."

ಈಗ ಕರುಣಾಕರ ಯಾವ ಮಾಲೀಕರ ಬಾಗಿಲಿಗೂ ಹೋಗುವುದಿಲ್ಲ. ಕಂಡದ್ದನ್ನು ಸವಾರನಿಗೇ ಹೇಳುತ್ತಾರೆ. ಉಚಿತವಾಗಿ ಕೈ ನೋಡುವ ಕ್ಲಿನಿಕ್ಕಿಗೆ ಹೋಗುವ ದಾರಿ ಹೇಳುತ್ತಾರೆ. ಬೇಕೆಂದರೆ ಜೊತೆಗೆ ಹೋಗುತ್ತಾರೆ. ಬೇಡವೆಂದರೆ ಗ್ರಿಪ್ ಬಿಗಿದು ಕಳಿಸುತ್ತಾರೆ. ಮೆಟ್ಟಿಲು ಹತ್ತುವವರೆಗೂ ಬೆನ್ನು ನೋಡುತ್ತ ನಿಲ್ಲುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ತಿರುಗಿ ಬಂದಿದ್ದಾರೆ, ಕೆಲವರ ಸುದ್ದಿಯೇ ಇಲ್ಲ.

ಈ ಡಿಸೆಂಬರಿನ ಮೊದಲ ವಾರ ಬಾಂಗ್ಲಾದೇಶದ ಒಬ್ಬ ಸವಾರ ಬಂದ. ಕೇಳುವ ಮೊದಲೇ ಗ್ಲೌಸ್ ತೆಗೆದು ಅಂಗೈ ಚಾಚಿದ. ಯಾರು ಕಳಿಸಿದರೆಂದು ಕರುಣಾಕರ ಹಿಂದಿಯಲ್ಲಿ ಕೇಳಿದರು.

"ನಮ್ಮ ರೂಮಿನ ಅಡಿವೆಪ್ಪ. ಬೆರಳು ಜುಮ್ಮೆಂದ ದಿನವೇ ಹೋಗು, ನನ್ನ ಹಾಗೆ ತಡ ಮಾಡಬೇಡ ಅಂದ."

ಅಡಿವೆಪ್ಪನ ಕೈ ಈಗ ಹೇಗಿದೆ ಎಂದು ಕರುಣಾಕರ ಕೇಳಿದರು.

"ಅವನ ಅಂಗಿಯ ಗುಂಡಿ ನಾವು ಹಾಕಿಕೊಡ್ತೇವೆ" ಎಂದ ಸವಾರ.

ಈ ಸವಾರನಿಗೆ ಹಾಕಿದ ಗ್ರಿಪ್ ಚೆನ್ನಾಗಿಯೇ ಕೂತಿದೆ. ಬೆರಳುಗಳೂ ಉಳಿಯುತ್ತವೆ ಎಂಬ ನಂಬಿಕೆ ಕರುಣಾಕರರಿಗಿದೆ. ನಿಮಗೇನು ಆಸೆ ಎಂದು ಕೇಳಿದರೆ ಅಂಗಡಿಯ ಬಗ್ಗೆಯಾಗಲಿ, ಊರಿನ ಬಗ್ಗೆಯಾಗಲಿ ಅವರು ಏನೂ ಹೇಳುವುದಿಲ್ಲ.

"ಅಡಿವೆಪ್ಪ ಒಮ್ಮೆ ಇಲ್ಲಿ ತನಕ ಬರ್ಬೇಕು" ಎನ್ನುತ್ತಾರೆ. "ಬೈಲಿಕ್ಕೆ ಬಂದ್ರೂ ಸಾಕು."